ಪ್ರನಾಳ ಶಿಶುವಿನ ಹೃದಯ

ಟೆಸ್ಟ್ ಟ್ಯೂಬ್ ಬೇಬಿ, ಅಂದರೆ ಪ್ರನಾಳ ಶಿಶುವಿಗೆ ಮುಂದೆ ಹೃದ್ರೋಗ, ಸಕ್ಕರೆ ಕಾಯಿಲೆ ಬಂದೇ ಬರುತ್ತದಂತೆ ಎಂಬ ಮಾತಿಗೇ ಕೂಡಿಬಂದ ಸಂಬಂಧ ಮುರಿಯುವುದುಂಟು. ಇದು ನಿಜವೇ?

ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳಲ್ಲಿ ಜನನ, ಆಸ್ಪತ್ರೆ ಚಿಕಿತ್ಸೆ ಎಲ್ಲವೂ ಬ್ಯಾಂಕಿನ ಲೆಡ್ಜರಿನಂತೆ ದಾಖಲಾಗುತ್ತವೆ. ಅವುಗಳಿಂದ ಇಂಥ 1.22 ಲಕ್ಷ ಮಕ್ಕಳನ್ನು ಇತರ 75 ಲಕ್ಷ ಮಕ್ಕಳೊಡನೆ ಹೋಲಿಸಿದ ವರದಿ 2021ರಲ್ಲಿ ಬಂತು. ತಾಯಿಯ ವಯಸ್ಸು ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಹೃದ್ರೋಗವಾಗಲಿ, ಎರಡನೇ ಬಗೆಯ ಸಕ್ಕರೆ ಕಾಯಿಲೆಯಾಗಲಿ ಹೆಚ್ಚು ಕಾಣಲಿಲ್ಲ. ಬೊಜ್ಜು ಮಾತ್ರ ತುಸು ಹೆಚ್ಚು. ಆದರೆ ಆ ಮಕ್ಕಳಲ್ಲಿ ಬಹುಮಂದಿ ಎಳೆಯರು. ಮೊದಲ ಪ್ರನಾಳ ಶಿಶು ಹುಟ್ಟಿದ್ದೇ 1978ರಲ್ಲಿ. ಮುಪ್ಪಿನ ಲೆಕ್ಕ ಇನ್ನೂ ಬಾಕಿಯಿದೆ.

ಆದ್ದರಿಂದ ಹೆದರಬೇಡಿ, ಮುಚ್ಚಿಡಲೂ ಬೇಡಿ. ವೈದ್ಯರಿಗೆ ತಿಳಿಸಿ, ಮಗುವಿನ ತೂಕ ಹದದಲ್ಲಿಡಿ. ಬೆಳೆದ ಮೇಲೆ ಎಲ್ಲರಂತೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಲಿ.