ಕಂಪನಿ ಬಸ್ಸು ಎಲ್ಲೀವರೆಗೆ?

ಹಾಸನದ ಕಾಲೇಜು ಮೈದಾನದಲ್ಲಿ ಉದ್ಯೋಗ ಮೇಳ. ಹತ್ತಕ್ಕೆ ಉದ್ಘಾಟನೆ ಎಂದು ಬರೆದ ಫ್ಲೆಕ್ಸಿನ ಕೆಳಗೆ ಒಂಬತ್ತಕ್ಕೇ ಸಾಲು ಬೆಳೆದಿದೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ಒಳಗೆ ಅಂಕಪಟ್ಟಿಯ ಜೆರಾಕ್ಸು, ಆಧಾರ್, ಎರಡು ಫೋಟೋ. ಹೊಳೆನರಸೀಪುರದ ಹುಡುಗರು ಮೈಸೂರು ಕಡೆಯ ರೈಲಿನಲ್ಲಿ ಬಂದಿಳಿದವರು. ಚನ್ನರಾಯಪಟ್ಟಣದವರಿಗೆ ಹೆದ್ದಾರಿಯೂ ಇದೆ, 2017ರಲ್ಲಿ ಬೆಂಗಳೂರಿನವರೆಗೆ ಪೂರ್ತಿಯಾದ ರೈಲುದಾರಿಯೂ ಇದೆ. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಯವರು ತುಂಬಿದ ಬಸ್ಸಿನಲ್ಲಿ ನಿಂತೇ ಬಂದಿದ್ದಾರೆ. ಹೆಣ್ಣುಮಕ್ಕಳೇ ಹೆಚ್ಚು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿಗೆ ಅವರು ದುಡ್ಡು ಕೊಡಬೇಕಿಲ್ಲವಲ್ಲ, ಕೆಲಸ ಸಿಗದಿದ್ದರೂ ಬಂದುಹೋಗಿದ್ದಕ್ಕೆ ನಷ್ಟವಿಲ್ಲ.

ಗಾರ್ಮೆಂಟ್ಸಿನವರ ಮೇಜಿನ ಪಕ್ಕ ಹೊಲಿಗೆ ಯಂತ್ರವೊಂದು ಇದೆ. ಸೂಜಿಗೆ ದಾರವಿಲ್ಲ. ಬಟ್ಟೆಯ ಬದಲು ಗೆರೆ ಎಳೆದ ಕಾಗದ. ಮೊದಲು ನೇರ ಗೆರೆ, ಆಮೇಲೆ ಮೂಲೆ ತಿರುಗುವ ಗೆರೆ, ಕೊನೆಗೆ ಸುರುಳಿ. ಗೆರೆಯ ಮೇಲೇ ತೂತು ಬೀಳಬೇಕು. ಪೆಡಲಿನ ಮೇಲೆ ಕಾಲಿಟ್ಟ ಹುಡುಗಿ ಮೂಲೆಯಲ್ಲಿ ತಡೆಯಲಾರದೆ ಮುಂದೆ ಓಡಿಸಿಬಿಟ್ಟಳು. ತೂತುಗಳ ಸಾಲು ಕಾಗದದ ಅಂಚು ದಾಟಿತು. ಸೂಪರ್‌ವೈಸರಮ್ಮ ಬೈಯಲಿಲ್ಲ. "ಕಾಲು ಹಗೂರ ಬಿಡವ್ವ, ಕೈ ತಾನೇ ಬತ್ತದೆ" ಎಂದು ಇನ್ನೊಂದು ಕಾಗದ ಕೊಟ್ಟರು.

ಹಾಸನದ ಸುತ್ತ ಕೆಐಎಡಿಬಿಯ ಕೈಗಾರಿಕಾ ಪ್ರದೇಶ, ಜವಳಿಗೆಂದೇ ವಿಶೇಷ ಆರ್ಥಿಕ ವಲಯ ಎಲ್ಲ ಬಂದ ಮೇಲೆ ಆಪರೇಟರುಗಳ ಬೇಡಿಕೆ ನಿಂತಿಲ್ಲ. ಅವರನ್ನು ತಯಾರು ಮಾಡುವ ಯೋಜನೆಗಳಿಗೂ ಬರವಿಲ್ಲ: 2014ರಲ್ಲಿ ಕೇಂದ್ರದ ದೀನ್ ದಯಾಳ್ ಗ್ರಾಮೀಣ ಕೌಶಲ್ಯ ಯೋಜನೆ, 2017ರಲ್ಲಿ ರಾಜ್ಯದ ಕೌಶಲ್ಯ ಕರ್ನಾಟಕ. ಜಿಲ್ಲೆಗೊಂದು ಕೌಶಲ್ಯ ಯೋಜನೆ ಬರೆಯುವುದು ಜಿಲ್ಲಾಧಿಕಾರಿಗಳ ಸಮಿತಿಯ ಕೆಲಸ. ದೀನ್ ದಯಾಳ್ ಯೋಜನೆಯಲ್ಲಿ ಮೂರು ತಿಂಗಳಾದರೂ ಕೆಲಸದಲ್ಲಿ ಉಳಿದರೆ ಮಾತ್ರ ನೇಮಕವೆಂದು ಲೆಕ್ಕ. ನನಗೆ ಹಿಡಿಸಿದ ನಿಯಮ ಇದು. ತೊಡಕಿರುವುದೂ ಆ ಮೂರು ತಿಂಗಳಲ್ಲೇ.

"ಕಲಿಸಿ ಮಿಷನ್ ಮೇಲೆ ಕೂರಿಸ್ತೀವಿ ಸಾರ್, ಹಬ್ಬಕ್ಕೆ ಅಂತ ಹೋದೋರು ತಿರುಗಿ ಬರಲ್ಲ" ಎಂಬುದು ಮೇಜಿನ ಆಚೆಯವರ ದೂರು. ದೂರು ಸುಳ್ಳಲ್ಲ. ಆದರೆ ಹೋದದ್ದು ಹಬ್ಬಕ್ಕಷ್ಟೇ ಅಲ್ಲ. ಮಳೆಗಾಲ ಇಳಿಯುವ ಹೊತ್ತಿಗೆ ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಮುರಿಯುವ ಕಾಲ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟುವುದು ಹೆಂಗಸರ ಕೈಕೆಲಸ. ಒಣಗಿಸುವ ಬ್ಯಾರನ್ನಿಗೆ ಏರಿಸಿದ ಮೇಲೆ ರಾತ್ರಿಯಿಡೀ ಬೆಂಕಿ ಕಾಯಬೇಕು. ಮನೆಯ ವರ್ಷದ ಸಾಲ ತೀರುವುದು ಆ ಸೊಪ್ಪಿನಲ್ಲಿ. ಮಗಳು ಗಾರ್ಮೆಂಟ್ಸಿನಲ್ಲಿ ಕೂತಿದ್ದರೆ ಅವಳ ಬದಲು ಕೂಲಿಯಾಳು ಹಿಡಿಯಬೇಕು. ಹಾಸನದ ಆಲೂಗಡ್ಡೆಗೂ ಹೀಗೇ ಒಂದು ಕಾಲ ಇದೆ. ಯೋಜನೆಯ ಕಡತದಲ್ಲಿ ವರ್ಷ ಏಪ್ರಿಲಿಗೆ ಶುರುವಾಗಿ ಮಾರ್ಚಿಗೆ ಮುಗಿಯುತ್ತದೆ. ಊರಿನ ವರ್ಷಕ್ಕೆ ಅಲ್ಲಿ ಕಾಲಮ್ಮೇ ಇಲ್ಲ.

ಮೇಳಕ್ಕೆ ಬಾರದ ಉದ್ಯೋಗದಾತರೂ ಇದ್ದಾರೆ. ಚನ್ನರಾಯಪಟ್ಟಣದ ತೋಟದವನಿಗೆ ಮರ ಹತ್ತುವವರು ಸಿಕ್ಕುತ್ತಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲೇ 'ತೆಂಗಿನ ಮರದ ಗೆಳೆಯರು' ಎಂದು ಯುವಕರಿಗೆ ಯಂತ್ರ ಕಟ್ಟಿಕೊಂಡು ಮರವೇರುವ ತರಬೇತಿ ಶುರುಮಾಡಿತ್ತು. ಇಲ್ಲಿ ಸೆಕ್ಯುರಿಟಿಗೆ ಎರಡು ಮೇಜು, ಸಾಲ ಕೊಡಿಸುವವರಿಗೆ ಮೂರು ಮೇಜು. ತೆಂಗಿಗೆ ಒಂದೂ ಇಲ್ಲ. ತೋಟದವನ ಬಳಿ ಲೆಟರ್‌ಹೆಡ್ ಇಲ್ಲ ನೋಡಿ!

ಮಧ್ಯಾಹ್ನ ಪಲಾವಿನ ವಾಸನೆ ಹರಡುವಷ್ಟರಲ್ಲಿ ಸಾಲು ಕರಗಿದೆ. ಕಾಗದದ ಮೇಲೆ ಓಡಿಸಿದ್ದ ಹುಡುಗಿ ಎರಡನೇ ಸಲಕ್ಕೆ ಗೆರೆ ಹಿಡಿದಿದ್ದಳು. ಈಗ ಅವಳ ಅಪ್ಪ ಮುಂದೆ ಬಂದು ಕೇಳುತ್ತಿದ್ದಾರೆ. ಸಂಬಳವೆಷ್ಟು ಎಂದು ಕೇಳಲಿಲ್ಲ, ಪಿಎಫ್ ಕಳೆದು "ಕೈಗೆಷ್ಟು ಬತ್ತದೆ?" ಎಂದರು. ಆಮೇಲೆ, "ಕಂಪ್ನಿ ಬಸ್ಸು ಎಲ್ಲೀಗಂಟ ಬತ್ತದೆ?"

"ಅರಕಲಗೂಡು ಬಸ್‌ಸ್ಟ್ಯಾಂಡು."

"ಅಲ್ಲಿಂದ ನಮ್ಮೂರು ಎಂಟು ಮೈಲಿ. ಸಂಜೆ ಬಸ್ಸು ತಪ್ಪಿದ್ರೆ?"

ಎಚ್‌ಆರ್ ಹುಡುಗ ಪೆನ್ನು ಕೆಳಗಿಟ್ಟ. "ಹದಿನೈದು ಜನ ಆದ್ರೆ ಊರೊಳಗೇ ಗಾಡಿ ಬಿಡ್ತೀವಿ ಯಜಮಾನ್ರೆ."

ಹುಡುಗಿ ಆಗಲೇ ಫೋನು ತೆಗೆದಿದ್ದಳು. "ಲೇ ಸವಿತಾ, ನಿಮ್ಮಕ್ಕನೂ ಮನೇಲೇ ಅವ್ಳಲ್ವಾ?"