ಕಾಯಲಾರದ ಬೀಜ

ಮಿರಗದ ಮಳೆ ಹಿಡಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಸಂತೆಗಳಿಗೆ ನೇರಳೆ ಬುಟ್ಟಿಗಳು ಬರುತ್ತವೆ. ನೆರಳಿಗೊಂದು ಮರ ಬೇಕೆನ್ನುವವರು ಬೀಜ ಎತ್ತಿಕೊಳ್ಳಬೇಕಾದದ್ದು ಆಗಲೇ. ಜೋಳ, ಕಡಲೆಯಂತೆ ಒಣಗಿಸಿ ಮುಂದಿನ ಹಂಗಾಮಿಗೆ ಇಟ್ಟರೆ ಒಂದೂ ಮೊಳೆಯದು.

ಇ.ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ 1973ರಲ್ಲಿ ಬೀಜಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ಒಣಗಿದರೂ ಬದುಕುವವು, ಒಣಗಿದರೆ ಸಾಯುವವು. ಜೋಳದ ಕಾಳು ಬಲಿಯುತ್ತ ನೀರು ಬಿಟ್ಟುಕೊಡುತ್ತದೆ. ಕೋಶದೊಳಗಿನ ಸಕ್ಕರೆ ಗಾಜಿನಂತೆ ಗಟ್ಟಿಯಾಗಿ, ಜೀವಕ್ರಿಯೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನೇರಳೆಗೆ ಈ ನಿದ್ದೆ ಗೊತ್ತಿಲ್ಲ. ಮರದಿಂದ ಬೀಳುವಾಗಲೂ ಅದರ ಭ್ರೂಣ ಹಸಿಯಾಗಿ ಉಸಿರಾಡುತ್ತಿರುತ್ತದೆ. ನೀರು ಆರಿದರೆ ಕೋಶದ ಪೊರೆಗಳು ಹಾಳಾಗುತ್ತವೆ. ಮಾವು, ಹಲಸು, ಚಳಿನಾಡುಗಳ ಓಕ್ ಮರದ ಬೀಜ, ಎಲ್ಲವೂ ಇದೇ ಜಾತಿ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರದ ಮೈನಸ್ 18 ಡಿಗ್ರಿ ಚಳಿಯಲ್ಲಿ ಇವು ಉಳಿಯವು. ಒಳಗಿನ ನೀರು ಹರಳುಗಟ್ಟಿ ಕೋಶವನ್ನೇ ಸೀಳುತ್ತದೆ. ನೇರಳೆ ತಳಿ ಉಳಿಯಬೇಕಾದರೆ ಬೇರೂರಿ ನಿಂತ ಮರಗಳೇ ಉಳಿಯಬೇಕು. ಹಳೆಯ ಮರವೊಂದಕ್ಕೆ ಗರಗಸ ಹಚ್ಚುವ ಮುನ್ನ ಇದನ್ನು ನೆನೆಯಬೇಕು.

ಬಿತ್ತುವುದು ಸುಲಭ. ತಿರುಳು ತೊಳೆದು, ಬಿಸಿಲಿಗೆ ಹಾಕದೆ, ಅದೇ ವಾರ ಎರಡು ಬೆರಳು ಮಣ್ಣು ಮುಚ್ಚಿ. ಹಸಿ ಆರದಿದ್ದರೆ ಎರಡು-ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಒಂದೇ ಬೀಜದಿಂದ ಹಲವು ಸಸಿ ಎದ್ದರೆ ಬೆರಗಾಗಬೇಡಿ: ನೇರಳೆ ಬೀಜದಲ್ಲಿ ಅನೇಕ ಭ್ರೂಣಗಳಿರಬಹುದು, ಅವುಗಳಲ್ಲಿ ಕೆಲವು ತಾಯಿಮರದ ಪಡಿಯಚ್ಚು. ಗಟ್ಟಿಯಾದುದನ್ನು ಉಳಿಸಿ. ತಾಯಿಬೇರು ಬೇಗ ಕೆಳಗಿಳಿಯುವುದರಿಂದ ಗಿಡ್ಡ ಚೀಲದಲ್ಲಿ ಅದು ಸುರುಳಿ ಸುತ್ತುತ್ತದೆ. ಸಾಧ್ಯವಾದರೆ ನೆಡುವ ಗುಂಡಿಯಲ್ಲೇ ಬಿತ್ತುವುದು ಮೇಲು. ಆಡು-ದನಗಳಿಗೆ ಸಿಗದಂತೆ ಜಾಲಿ ಮುಳ್ಳಿನ ಬೇಲಿ ಬೇಕೇಬೇಕು.

ಬೀಜದ ಗಿಡ ಹಣ್ಣು ಬಿಡಲು ಎಂಟು-ಹತ್ತು ವರ್ಷ ಹಿಡಿಯಬಹುದು. ಆಮೇಲೆ ಬೇಸಿಗೆಯ ಹೂವಿಗೆ ಜೇನು, ಹಣ್ಣಿಗೆ ಕೋಗಿಲೆ, ಪಿಕಳಾರ, ರಾತ್ರಿ ಬಾವಲಿ. ಬಾವಲಿ ಹಣ್ಣನ್ನು ಬೇರೆ ಮರಕ್ಕೆ ಒಯ್ದು ತಿಂದು, ಬೀಜವನ್ನು ಅಲ್ಲಿ ಹಸಿಯಾಗಿಯೇ ಉದುರಿಸುತ್ತದೆ. ಕಾಯಲಾರದ ಬೀಜಕ್ಕೆ ಇಂಥ ಬಿತ್ತುಗಾರನೇ ಬೇಕು.

ಹಣ್ಣು ಬಿದ್ದು ನೆಲ ನೇರಳೆಯಾಗುವ ಕಾರಣ ಕಾರು ನಿಲ್ಲಿಸುವಲ್ಲಿ ಇದು ಬೇಡ. ಕೆರೆಯ ದಂಡೆಗೆ, ಶಾಲೆಯ ಬಯಲಿನ ಅಂಚಿಗೆ, ಮಳೆಗಾಲದಲ್ಲಿ ನೀರು ನಿಂತು ಬೇರೆ ಗಿಡಗಳು ಕೊಳೆಯುವ ತಗ್ಗಿಗೆ ನೇರಳೆ ಚೆನ್ನಾಗಿ ಒಗ್ಗುತ್ತದೆ.