ಡಿಸ್ಕ್ ಇಮೇಜ್: ಬೀಗದಕೈ ಮನೆಯಲ್ಲೇ ಇದೆ!

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮುಂದಿನ ಕೋಣೆಯಲ್ಲಿ ಜೀನ್ಸ್ ಹೊಲಿಯುವ ಯಂತ್ರದ ಸದ್ದು. ಒಳಕೋಣೆಯಲ್ಲಿ ಯಾರೋ ಮಾರಿದ್ದನ್ನು ಕೊಂಡು ತಂದ ಹಳೆಯ ಗಣಕಯಂತ್ರ, ಅದರ ಮುಂದೆ ಡಿಪ್ಲೊಮಾ ಓದುತ್ತಿರುವ ಮಗಳು. ಗೆಳತಿ ಪೆನ್‌ಡ್ರೈವ್‌ನಲ್ಲಿ ಒಂದು ಕಡತ ಕೊಟ್ಟಿದ್ದಾಳೆ. ಹೆಸರಿನ ಕೊನೆಗೆ ‘ಐಎಸ್ಒ’ ಎಂಬ ಬಾಲ. ಪ್ರಯೋಗಾಲಯದ ಪಾಠಗಳೆಲ್ಲ ಅದರೊಳಗೇ ಇವೆಯಂತೆ. ನಾಡಿದ್ದು ಪರೀಕ್ಷೆ. ಕ್ಲಿಕ್ ಮಾಡಿದರೆ ಯಂತ್ರ ‘ಖಾಲಿ ಡಿಸ್ಕ್ ಹಾಕಿ’ ಎನ್ನುತ್ತದೆ. ಡಿಸ್ಕ್ ಹಾಕುವ ತಟ್ಟೆ ಕೆಟ್ಟು ಎರಡು ವರ್ಷವಾಗಿದೆ!

ಹುಡುಗಿ ಏನು ಮಾಡುತ್ತಾಳೆ? ಅಂತರಜಾಲಕ್ಕೆ ಹೋಗಿ ‘ಫ್ರೀ’ ಎಂಬ ಪದ ಸೇರಿಸಿ ಹುಡುಕುತ್ತಾಳೆ. ದೊಡ್ಡದೊಂದು ಹಸಿರು ಗುಂಡಿ ಕಣ್ಣಿಗೆ ಬೀಳುತ್ತದೆ. ಒತ್ತುತ್ತಾಳೆ. ಬೇಕಾದ ತಂತ್ರಾಂಶದ ಜೊತೆಗೆ ಬೇಡವಾದ ನಾಲ್ಕು ಒಳಬರುತ್ತವೆ; ಕೆಲವೊಮ್ಮೆ ಬೇಕಾದದ್ದು ಬರುವುದೇ ಇಲ್ಲ. ಅಪ್ಪ ಬ್ಯಾಂಕಿನ ವ್ಯವಹಾರ ನೋಡುವುದು, ತಮ್ಮ ಶಾಲೆಯ ಶುಲ್ಕ ಕಟ್ಟುವುದು ಎಲ್ಲ ಇದೇ ಯಂತ್ರದಲ್ಲಿ. ಒಂದು ಕಡತ ತೆರೆಯಲು ಹೋಗಿ ಮನೆಯ ಬಾಗಿಲನ್ನೇ ತೆರೆದಿಟ್ಟಂತಾಯಿತು.

ಇಷ್ಟು ಕಷ್ಟಪಡುವ ಅಗತ್ಯವೇ ಇಲ್ಲ ಎಂಬುದು ಈ ಲೇಖನದ ಸಾರಾಂಶ.

ಏನಿದು ಇಮೇಜ್?

ಪುಸ್ತಕದಿಂದ ನಿಮಗೆ ಬೇಕಾದ ಪಾಠವನ್ನಷ್ಟೇ ಜೆರಾಕ್ಸ್ ಮಾಡಿಸುವುದು ಒಂದು ರೀತಿ. ರಕ್ಷಾಪುಟ, ಪರಿವಿಡಿ, ಪುಟಸಂಖ್ಯೆ, ನಡುವಿನ ಖಾಲಿ ಹಾಳೆ ಎಲ್ಲವನ್ನೂ ಇದ್ದ ಕ್ರಮದಲ್ಲೇ ಮಾಡಿಸುವುದು ಇನ್ನೊಂದು ರೀತಿ. ಡಿಸ್ಕ್ ಇಮೇಜ್ ಎಂಬುದು ಎರಡನೆಯ ಬಗೆಯ ಪ್ರತಿ. ಒಂದು ಸಿ.ಡಿ.ಯಲ್ಲಿ ಇರುವುದನ್ನೆಲ್ಲ ಅದೇ ಕ್ರಮದಲ್ಲಿ ಒಂದೇ ಕಡತದೊಳಗೆ ಇಳಿಸಿಕೊಂಡದ್ದು.

ಮಾಹಿತಿ ಸಿ.ಡಿ.ಯನ್ನು 2048 ಬೈಟುಗಳ ಪುಟ್ಟ ಖಾನೆಗಳಾಗಿ ಓದಲಾಗುತ್ತದೆ. ಮೊದಲ 16 ಖಾನೆಗಳನ್ನು ಯಂತ್ರದ ಬಳಕೆಗೆಂದು ಬಿಟ್ಟು, ಅಲ್ಲಿಂದ ಮುಂದೆ ಡಿಸ್ಕಿನ ಪರಿಚಯ, ಪರಿವಿಡಿಗೆ ದಾರಿ ಬರೆದಿರುತ್ತದೆ. ಈ ಏರ್ಪಾಡನ್ನು 1988ರಲ್ಲಿ ‘ಐಎಸ್ಒ 9660’ ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿ ಒಪ್ಪಿಕೊಳ್ಳಲಾಯಿತು. ಕಡತದ ಬಾಲಕ್ಕೆ ಆ ಹೆಸರು ಬಂದದ್ದು ಅಲ್ಲಿಂದಲೇ. ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು; ಆದ್ದರಿಂದಲೇ ಅದನ್ನು ಓದುವ ತಂತ್ರಾಂಶವನ್ನು ಯಾರು ಬೇಕಾದರೂ ಬರೆಯಬಹುದು, ಹಂಚಬಹುದು.

ಮೊದಲು ಮನೆಯಲ್ಲೇ ಹುಡುಕಿ

ವಿಂಡೋಸ್ 8 ಬಂದದ್ದು 2012ರಲ್ಲಿ. ಅದು ಮತ್ತು ಅದರ ನಂತರದ ವಿಂಡೋಸ್ ಇದ್ದರೆ ಬೇರೇನೂ ಬೇಡ. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಮೌಂಟ್’ ಎಂದರೆ ಸಾಕು, ಹೊಸದೊಂದು ಸಿ.ಡಿ. ಹಾಕಿದಂತೆ ತೆರೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ‘ಇಜೆಕ್ಟ್’ ಎನ್ನಿ. ಲಿನಕ್ಸ್ ಇರುವ ಹಲವು ಗಣಕಗಳಲ್ಲಿ ‘ಡಿಸ್ಕ್ ಇಮೇಜ್ ಮೌಂಟರ್’ ಎಂಬುದು ಮೊದಲೇ ಇರುತ್ತದೆ. ಆಪಲ್ ಯಂತ್ರಗಳಿಗೂ ಈ ವಿದ್ಯೆ ಗೊತ್ತು.

ನಮ್ಮ ಹುಡುಗಿಯ ಯಂತ್ರದಲ್ಲಿರುವುದು ವಿಂಡೋಸ್ 7. ಇಮೇಜನ್ನು ಖಾಲಿ ಡಿಸ್ಕಿಗೆ ಬರೆಯಲು ಅದಕ್ಕೆ ಬರುತ್ತದೆ, ಒಳಗೇನಿದೆ ಎಂದು ತೋರಿಸಲು ಬಾರದು. ಇಂಥವರಿಗೆ ಎರಡು ಹೆಸರುಗಳು ಸಾಕು.

ಮೊದಲನೆಯದು ‘7-ಜಿಪ್’. ಈಗೊರ್ ಪಾವ್ಲೊವ್ ಎಂಬ ರಷ್ಯಾದ ತಂತ್ರಜ್ಞ 1999ರಿಂದ ಇದನ್ನು ಬೆಳೆಸುತ್ತ ಬಂದಿದ್ದಾರೆ. ಐಎಸ್ಒ ಕಡತದೊಳಗಿನ ಪಾಠಗಳನ್ನು ಇದು ಸಾಮಾನ್ಯ ಫೋಲ್ಡರಿಗೆ ಇಳಿಸಿಕೊಡುತ್ತದೆ. ಆಪಲ್‌ನ ‘ಡಿಎಂಜಿ’ ಕಡತಗಳನ್ನೂ ಬಿಚ್ಚಬಲ್ಲದು. ಎರಡನೆಯದು ‘ವಿನ್‌ಸಿಡಿಎಮು’. ಇದು ಗಣಕದೊಳಗೆ ಇಲ್ಲದ ಸಿ.ಡಿ. ಡ್ರೈವನ್ನು ಇರುವಂತೆ ನಟಿಸುತ್ತದೆ! ‘ಎನ್ಆರ್‌ಜಿ’, ‘ಎಂಡಿಎಫ್’ ಮೊದಲಾದ ಬಾಲಗಳ ಇಮೇಜುಗಳಿಗೂ ಇದು ಸರಿ. ‘ಬಿನ್’ ಕಡತವಾದರೆ ಅದರ ಜೊತೆಗಿರುವ ‘ಕ್ಯೂ’ ಎಂಬ ಪುಟ್ಟ ಕಡತವನ್ನೂ ಮರೆಯದೆ ತನ್ನಿ. ಯಾವ ಟ್ರ್ಯಾಕ್ ಎಲ್ಲಿ ಆರಂಭ ಎಂಬ ಚೀಟಿ ಅದರಲ್ಲಿರುತ್ತದೆ.

ಇವನ್ನು ತರುವಾಗ ತಯಾರಕರ ಸ್ವಂತ ತಾಣಕ್ಕೇ ಹೋಗಿ. ಹೆಸರಿನಲ್ಲಿ ಒಂದಕ್ಷರ ಅತ್ತಿತ್ತಾದ ತಾಣಗಳಿರುತ್ತವೆ, ಜೋಕೆ. 7-ಜಿಪ್‌ನ ವಿಳಾಸ ‘ಡಾಟ್ ಆರ್ಗ್’ ಎಂದು ಮುಗಿಯುತ್ತದೆ.

ಉಚಿತ ಬೇರೆ, ಮುಕ್ತ ಬೇರೆ

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಎರಡು ಅರ್ಥ. ಆ ಗೊಂದಲ ಕನ್ನಡಕ್ಕಿಲ್ಲ. ಬೆಲೆ ಇಲ್ಲದ್ದು ಉಚಿತ. ಬಂಧನ ಇಲ್ಲದ್ದು ಮುಕ್ತ. ಹಸಿರು ಗುಂಡಿಯ ತಂತ್ರಾಂಶ ಉಚಿತವಿರಬಹುದು, ಆದರೆ ಒಳಗೇನು ನಡೆಯುತ್ತಿದೆ ಎಂದು ನೋಡುವಂತಿಲ್ಲ. ಮುಕ್ತ ತಂತ್ರಾಂಶದ ಒಳಹೂರಣ ಎಲ್ಲರ ಮುಂದೆ ಬಿಚ್ಚಿಟ್ಟದ್ದು. ಬಳಸುವ, ಓದಿ ತಿಳಿಯುವ, ಹಂಚುವ, ತಿದ್ದಿ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಬಳಸುವವರಿಗೆ ಇರಬೇಕೆಂದು ಹೋರಾಡಿದವರು ರಿಚರ್ಡ್ ಸ್ಟಾಲ್‌ಮನ್. 1983ರಲ್ಲಿ ಅವರು ‘ಗ್ನು’ ಯೋಜನೆಯನ್ನು ಘೋಷಿಸಿದರು. ಮೇಲೆ ಹೇಳಿದ ಎರಡೂ ಈ ಗುಂಪಿಗೆ ಸೇರಿದವು. ಗೆಳತಿಗೆ ಪ್ರತಿ ಮಾಡಿಕೊಟ್ಟರೆ ಅದು ಕಳ್ಳತನವಲ್ಲ, ಹಕ್ಕು.

ಕಾಸರಗೋಡಿನ ಮಕ್ಕಳು

‘ಇದೆಲ್ಲ ದೊಡ್ಡ ಕಾಲೇಜಿನವರಿಗೆ’ ಎನ್ನುವ ಪಾಲಕರು ಗಡಿಯಾಚೆಯ ಕಾಸರಗೋಡನ್ನು ನೋಡಬೇಕು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಹೈಸ್ಕೂಲಿನಲ್ಲೇ ಲಿನಕ್ಸ್ ಬಳಸುತ್ತಾರೆ. ಅವರ ಐ.ಟಿ. ಪಠ್ಯಪುಸ್ತಕ ಕನ್ನಡದಲ್ಲಿದೆ. ಹತ್ತನೇ ತರಗತಿಯ ಐ.ಟಿ. ಪರೀಕ್ಷೆಯೂ ಲಿನಕ್ಸ್‌ನಲ್ಲೇ. ಕೇರಳ ಸರ್ಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿತು. 2017ರಲ್ಲಿ ಅದೇ ‘ಕೈಟ್’ ಎಂಬ ಸಂಸ್ಥೆಯಾಯಿತು. ಶಾಲೆಗಳಿಗಾಗಿ ಈ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಕಾರ್ಯವ್ಯವಸ್ಥೆ ಸಿಗುವುದು ಯಾವ ರೂಪದಲ್ಲಿ ಗೊತ್ತೆ? ಡಿಸ್ಕ್ ಇಮೇಜ್ ರೂಪದಲ್ಲಿ! ಶಾಲೆಯಲ್ಲಿ ಬಳಸಿದ್ದನ್ನೇ ಮಗು ಮನೆಯ ಗಣಕಕ್ಕೂ ಹಾಕಿಕೊಳ್ಳಬಹುದು, ಒಂದು ಪೈಸೆ ಕೊಡದೆ.

ಕೌಲ್ ಬಜಾರಿನ ಹುಡುಗಿಗೂ ಈ ದಾರಿ ಮುಚ್ಚಿಲ್ಲ. ಅವಳ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ರಕ್ಷಣಾ ತಿದ್ದುಪಡಿ ನಿಲ್ಲಿಸಿತು. ಅಪ್ಪನ ಬ್ಯಾಂಕ್ ವ್ಯವಹಾರದ ದೃಷ್ಟಿಯಿಂದಲಾದರೂ ಆ ಯಂತ್ರಕ್ಕೆ ಹೊಸ ಕಾರ್ಯವ್ಯವಸ್ಥೆ ಬೇಕೇ ಬೇಕು. ಲಿನಕ್ಸ್ ಇಮೇಜೊಂದನ್ನು ತಂದು ‘ರೂಫಸ್’ ಎಂಬ ಮುಕ್ತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆದರೆ, ಅದರಿಂದಲೇ ಗಣಕವನ್ನು ಆರಂಭಿಸಿ ಹೊಸ ವ್ಯವಸ್ಥೆ ಹೂಡಬಹುದು. ಕಡತವನ್ನು ಸುಮ್ಮನೆ ಪೆನ್‌ಡ್ರೈವ್‌ಗೆ ಪ್ರತಿ ಮಾಡಿದರೆ ಇದು ಸಾಧ್ಯವಾಗದು. ರೂಫಸ್ ಮೊದಲು ಪೆನ್‌ಡ್ರೈವನ್ನು ಪೂರ್ತಿ ಅಳಿಸುತ್ತದೆ. ಮದುವೆಯ ಫೋಟೋ, ಪ್ರಾಜೆಕ್ಟ್ ವರದಿ ಇದ್ದರೆ ಮುಂಚೆಯೇ ತೆಗೆದಿಡಿ. ಗಣಕದ ಹಾರ್ಡ್ ಡಿಸ್ಕಿಗೂ ಇದೇ ಎಚ್ಚರ ಅನ್ವಯಿಸುತ್ತದೆ.

ಪಾಲಕರಿಗೆ ಎರಡು ಮಾತು

ಒಂದು: ಇಮೇಜ್ ಎಲ್ಲಿಂದ ಬಂತು ಎಂದು ಮಕ್ಕಳನ್ನು ಕೇಳಿ. ಕಳ್ಳಪ್ರತಿಯ ಆಟಗಳು ಬರುವುದೂ ಇದೇ ರೂಪದಲ್ಲಿ, ಅವುಗಳ ಜೊತೆ ವೈರಸ್ಸೂ ಬರಬಹುದು. ಮೌಂಟ್ ಮಾಡುವುದೆಂದರೆ ಒಳಗಿರುವುದನ್ನು ನೋಡುವುದಷ್ಟೆ. ಒಳಗಿನ ಗೊತ್ತಿಲ್ಲದ ಪ್ರೋಗ್ರಾಮಿನ ಮೇಲೆ ಕ್ಲಿಕ್ ಮಾಡುವುದು ಬೇರೆಯೇ ಮಾತು.

ಎರಡು: ದೊಡ್ಡ ಇಮೇಜ್ ತಂದಾಗ ಅದು ಪೂರ್ತಿ ಬಂದಿದೆಯೇ ಎಂದು ನೋಡಿ. ತಯಾರಕರು ತಮ್ಮ ತಾಣದಲ್ಲಿ ‘ಎಸ್ಎಚ್ಎ-256’ ಎಂಬ 64 ಅಕ್ಷರಗಳ ಗುರುತನ್ನು ಕೊಟ್ಟಿರುತ್ತಾರೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಗುರುತು ಬೇರೆಯಾಗುತ್ತದೆ. 7-ಜಿಪ್ ಇದ್ದರೆ ಬಲಗುಂಡಿಯ ಪಟ್ಟಿಯಲ್ಲೇ ಈ ಲೆಕ್ಕ ಸಿಗುತ್ತದೆ. ಎರಡೂ ತಾಳೆಯಾದರೆ ನಿಶ್ಚಿಂತೆ.

ಕಲಿಯಬೇಕೆನ್ನುವವರಿಗೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಲಿನಕ್ಸ್, ಲಿಬ್ರೆ ಆಫೀಸ್ ಮುಂತಾದವುಗಳ ಪುಟ್ಟ ಪಾಠಗಳಿವೆ, ಕನ್ನಡ ಧ್ವನಿಯಲ್ಲೂ ಇವೆ. ಅದಕ್ಕೂ ಶುಲ್ಕವಿಲ್ಲ.

ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ಓದಲು ಬರುವ ಮಕ್ಕಳ ಕೈಗೆ ಈಗ ಪುಸ್ತಕದಷ್ಟೇ ಕಡತಗಳೂ ಬರುತ್ತವೆ. ತೆರೆಯದ ಕಡತ ಕಂಡಾಗ ಗಾಬರಿಯಾಗಿ ಸಿಕ್ಕ ಗುಂಡಿ ಒತ್ತುವ ಬದಲು, ಅದರ ಬಾಲವೇನು ಎಂದು ಮೊದಲು ಓದಲಿ. ಹೆಚ್ಚಿನ ವೇಳೆ ಬೀಗದಕೈ ಅವರ ಗಣಕದಲ್ಲೇ ಇರುತ್ತದೆ.